ವಾದ್ಯವೃಂದದ ನಡುವೆ ಎಲೆಕ್ಟ್ರಿಕ್ ಗಿಟಾರ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಸಿನಿಮಾ ಸಂಗೀತವನ್ನು ಸಿಂಫನಿ ವಾದ್ಯವೃಂದ ವೇದಿಕೆಯಲ್ಲಿ ನುಡಿಸುವ ಕಾರ್ಯಕ್ರಮಗಳು ಲಂಡನ್, ಲಾಸ್ ಏಂಜಲೀಸ್‌ಗಳಲ್ಲಿ ಈಗ ಮಾಮೂಲು. ಪರದೆಯ ಮೇಲೆ ಇಡೀ ಚಿತ್ರ ಓಡುತ್ತಿರುವಾಗ ಕೆಳಗೆ ಹಿನ್ನೆಲೆ ಸಂಗೀತ ನುಡಿಸುವುದೂ ಉಂಟು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಕೂರುವವರ ಪಾಡಿನ ಬಗ್ಗೆಯೇ ಇವೆ.

ಪ್ರ: ಊರಲ್ಲಿದ್ದಾಗ ಗಣೇಶೋತ್ಸವ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ಲೀಡ್ ಗಿಟಾರ್ ನುಡಿಸುತ್ತಿದ್ದೆ. ಇಲ್ಲಿ ನಾನು ಓದುತ್ತಿರುವ ವಿಶ್ವವಿದ್ಯಾಲಯದ ವಾದ್ಯವೃಂದ ಜೇಮ್ಸ್ ಬಾಂಡ್ ಥೀಮ್ ಎತ್ತಿಕೊಂಡಿದೆ. ಸ್ವರಗಳೆಲ್ಲ ಸರಿಯಾಗಿ ಬಂದರೂ ಮೂಲದ ಆ ನಾದ ಬರುತ್ತಿಲ್ಲ. (ಓದುಗರೊಬ್ಬರು, ಮ್ಯಾಂಚೆಸ್ಟರ್)

ಉ: ಮಾಂಟಿ ನಾರ್ಮನ್ ರಚಿಸಿ ಜಾನ್ ಬ್ಯಾರಿ ವಾದ್ಯಗಳಿಗೆ ಹೊಂದಿಸಿದ ಈ ಥೀಮ್ ಮೊದಲು ಕೇಳಿಸಿದ್ದು 1962ರ 'ಡಾಕ್ಟರ್ ನೋ' ಚಿತ್ರದಲ್ಲಿ. ಗಿಟಾರ್ ನುಡಿಸಿದವರು ವಿಕ್ ಫ್ಲಿಕ್. ಅವರ ಕೈಯಲ್ಲಿದ್ದದ್ದು ಇಂದಿನ ಗಟ್ಟಿ ಹಲಗೆಯ ಗಿಟಾರ್ ಅಲ್ಲ, ಕ್ಲಿಫರ್ಡ್ ಎಸೆಕ್ಸ್ ಕಂಪನಿಯ ಪೊಳ್ಳು ಒಡಲಿನ ಪ್ಯಾರಗಾನ್. ಅದಕ್ಕೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಡಿಆರ್ಮಂಡ್ ಪಿಕಪ್ ಕೂರಿಸಿ, ತಂತಿಗೆ ಹತ್ತಿರವಾಗಲೆಂದು ಅದರಡಿ ಸಿಗರೇಟ್ ಪ್ಯಾಕೊಂದನ್ನು ಹಿಸುಕಿ ತುರುಕಿದ್ದರು. ಆಂಪ್ (ಗಿಟಾರ್ ಸದ್ದು ಹಿಗ್ಗಿಸುವ ಪೆಟ್ಟಿಗೆ) ಫೆಂಡರ್ ವೈಬ್ರೊಲಕ್ಸ್. ಆಂಪ್‌ನ ಸದ್ದು ಸ್ಟುಡಿಯೋದಲ್ಲಿ ಬೇರೆ ವಾದ್ಯಗಳ ಮೈಕ್‌ಗಳಿಗೂ ಸೋರಿತ್ತು. ನೀವು ಹುಡುಕುತ್ತಿರುವ ನಾದದ ದೊಡ್ಡ ಪಾಲು ಆ ಸೋರಿಕೆಯಲ್ಲೇ ಇದೆ. ಸ್ಪೀಕರ್‌ಗೆ ಅಂಟಿಸಿದ ಒಂದೇ ಮೈಕ್‌ನಿಂದ ಅದು ಹುಟ್ಟುವುದಿಲ್ಲ.

ಹಾಗೆಂದು ಹಳೇ ಗಿಟಾರ್ ಹುಡುಕಿಕೊಂಡು ಹೋಗಬೇಕಿಲ್ಲ. 11 ಅಥವಾ 12ರ ಸೆಟ್ ತಂತಿ (ಅಂಕೆ ಹೆಚ್ಚಿದಷ್ಟೂ ತಂತಿ ದಪ್ಪ) ಹಾಕಿ, ಮೂರನೇ ತಂತಿ ಸುರುಳಿ ಸುತ್ತಿದ್ದೇ ಇರಲಿ. 9ರ ಸೆಟ್ಟಿನಲ್ಲಿ ಜೋರಾಗಿ ಮೀಟಿದರೆ ಆರನೇ ತಂತಿಯ ಶ್ರುತಿ ಒಂದು ಕ್ಷಣ ಮೇಲಕ್ಕೆ ಜಿಗಿದು ಕೆಳಗಿಳಿಯುತ್ತದೆ. ಚೆಲ್ಲೋಗಳ ಪಕ್ಕದಲ್ಲಿ ಅದು ಅಪಸ್ವರವಾಗಿಯೇ ಕೇಳುತ್ತದೆ. ಒಂದೂವರೆ ಮಿಲಿಮೀಟರ್ ದಪ್ಪದ ಪಿಕ್ ಹಿಡಿದು, ಬ್ರಿಜ್‌ನಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ಗಟ್ಟಿಯಾಗಿ ಮೀಟಿ. ಡಿಸ್ಟಾರ್ಷನ್ (ನಾದವನ್ನು ಒಡೆದು ಒರಟಾಗಿಸುವುದು) ಬೇಡ, ಆಂಪ್ ಸೇರಿಸುವ ಅನುರಣನ, ಅಂದರೆ ಸ್ಪ್ರಿಂಗ್ ರಿವರ್ಬ್, ಸ್ವಲ್ಪ ಸಾಕು. ಸೌಂಡ್ ಇಂಜಿನಿಯರ್ ಒಪ್ಪಿದರೆ ಆಂಪ್‌ನಿಂದ ಎರಡು ಮೀಟರ್ ದೂರದಲ್ಲಿ ಇನ್ನೊಂದು ಮೈಕ್ ಇಡಿಸಿ.

ಮೂಲ ಇ ಮೈನರ್‌ನಲ್ಲಿದೆ. ಆರನೇ ತಂತಿಯ ಖಾಲಿ ಇ, ಎರಡನೇ ಮನೆಯ (ಫ್ರೆಟ್) ಎಫ್ ಶಾರ್ಪ್, ಮೂರನೇ ಮನೆಯ ಜಿ, ಇಷ್ಟರಲ್ಲೇ ಆ ಪ್ರಸಿದ್ಧ ಸಾಲು ನಡೆಯುತ್ತದೆ. ಕೊನೆಯ ಕಾರ್ಡ್ ಇ ಮೈನರ್ ಮೇಜರ್ ನೈನ್. ಐದನೇ ತಂತಿ 7ನೇ ಮನೆ, ನಾಲ್ಕನೆಯದು 5, ಮೂರನೆಯದು 8, ಎರಡು ಮತ್ತು ಒಂದನೇ ತಂತಿ 7ನೇ ಮನೆ, ಆರನೆಯದನ್ನು ಮುಟ್ಟಬೇಡಿ. ಐದೂ ಸ್ವರ ಬಿಡಿಬಿಡಿಯಾಗಿ ಕೇಳುವಂತೆ ಐದನೇ ತಂತಿಯಿಂದ ಒಂದನೇ ತಂತಿಯ ಕಡೆಗೆ ನಿಧಾನವಾಗಿ ಸವರಿ, ಅಲುಗಾಡದೆ ಕೂತುಬಿಡಿ. ಇಲ್ಲಿ ಕೈ ನಡುಗಿದರೆ ಸಭೆಗೆಲ್ಲ ಗೊತ್ತಾಗುತ್ತದೆ.

ಪ್ರ: ತಾಲೀಮಿನಲ್ಲಿ ವಯೋಲಾದವರು 'ಕಿವಿ ಸೀಳುತ್ತಿದೆ' ಎಂದರೆ, ಕಂಡಕ್ಟರ್ 'ಗಿಟಾರ್ ಕೇಳುತ್ತಿಲ್ಲ' ಎಂದರು. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತದೆ? (ಬೆಂಗಳೂರು)

ಉ: ಎರಡೂ ನಿಜವೇ. 12 ಇಂಚಿನ ಸ್ಪೀಕರ್ ತಾರಸ್ಥಾಯಿಯ (ಟ್ರೆಬಲ್) ಸದ್ದನ್ನು ಟಾರ್ಚ್ ಬೆಳಕಿನಂತೆ ನೇರ ಮುಂದಕ್ಕೆ ಎಸೆಯುತ್ತದೆ. ಆ ಗೆರೆಯಲ್ಲಿ ಕೂತವರಿಗೆ ಚುಚ್ಚುತ್ತದೆ, ಪಕ್ಕದಲ್ಲಿರುವವರಿಗೆ ಮಂಕಾಗಿ ಕೇಳುತ್ತದೆ. ಆಂಪ್ ನೆಲದ ಮೇಲೆ, ನಿಮ್ಮ ಮೊಣಕಾಲಿನ ಹಿಂದೆ ಇದ್ದರೆ ಮಂಕು ಕೇಳುವವರು ನೀವೇ. ಆಗ ಟ್ರೆಬಲ್ ಏರಿಸುತ್ತೀರಿ, ಅದು ವಯೋಲಾದವರ ಕಿವಿಗೆ ಬಡಿಯುತ್ತದೆ. ಆಂಪನ್ನು ಓರೆ ಸ್ಟ್ಯಾಂಡ್ ಮೇಲಿಟ್ಟು ನಿಮ್ಮದೇ ಕಿವಿಗೆ ಗುರಿಯಿಡಿ. ಆಗ ಟ್ರೆಬಲ್ ಎಷ್ಟು ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಹಿಂಬದಿ ತೆರೆದ ಆಂಪ್ ಆದರೆ ಹಿಂದಕ್ಕೂ ಅಷ್ಟೇ ಸದ್ದು ಹೋಗುತ್ತದೆ. ಹಿಂದೆ ದಪ್ಪ ಕಂಬಳಿ ತೂಗುಹಾಕಿ.

100 ವ್ಯಾಟ್‌ನ ಆಂಪ್ ಮನೆಯಲ್ಲೇ ಇರಲಿ. 15ರಿಂದ 22 ವ್ಯಾಟ್‌ನ ವಾಲ್ವ್ ಆಂಪ್ ಧಾರಾಳವಾಯಿತು. ಡಿಸ್ಟಾರ್ಷನ್ ಬೇಕಾದಲ್ಲಿ ಪೆಡಲ್‌ನಿಂದ ಪಡೆಯಿರಿ. ಆಂಪ್‌ನ ವಾಲ್ಯೂಮ್ ಏರಿಸಿ ಪಡೆಯುವ ಅಭ್ಯಾಸ ಇಲ್ಲಿ ನಡೆಯದು. ಸಭಾಂಗಣಕ್ಕೆ ತಲುಪಿಸುವುದು ಮೈಕ್‌ನ ಕೆಲಸ. ಶೂರ್ ಎಸ್‌ಎಂ57 ಮೈಕನ್ನು ಜಾಲರಿಯಿಂದ ಮೂರು ಸೆಂಟಿಮೀಟರ್ ದೂರದಲ್ಲಿ, ಸ್ಪೀಕರ್‌ನ ನಟ್ಟನಡುವೆ ಅಲ್ಲದೆ ಸ್ವಲ್ಪ ಅಂಚಿಗೆ ನಿಲ್ಲಿಸುವುದು ರೂಢಿ. ಗಿಟಾರ್‌ನ ಅತಿ ಕೆಳಗಿನ ಸ್ವರ 82 ಹರ್ಟ್ಜ್. ಹಾಗಾಗಿ ಮಿಕ್ಸರ್‌ನಲ್ಲಿ 80ರ ಕೆಳಗಿನದನ್ನು ಕತ್ತರಿಸಲು ಹೇಳಿ. ಡಬಲ್ ಬಾಸ್‌ಗಳಿಗೆ ಉಸಿರಾಡಲು ಜಾಗ ಸಿಗುತ್ತದೆ.

ಆಂಪ್ ಇಲ್ಲದೆ, ಅದರ ನಾದವನ್ನು ಅನುಕರಿಸುವ ಮಾಡೆಲರ್ ಪೆಟ್ಟಿಗೆಯಿಂದ ನೇರ ಮಿಕ್ಸರ್‌ಗೆ ಕೊಡುವವರು ಈಗ ಹೆಚ್ಚು. ವೇದಿಕೆ ಶಾಂತವಾಗುತ್ತದೆ, ವಯೊಲಿನ್‌ಗಳ ಮೈಕ್‌ಗೆ ಗಿಟಾರ್ ಸೋರುವುದಿಲ್ಲ. ಆದರೆ ಸುತ್ತ ಕೂತವರಿಗೆ ನಿಮ್ಮ ವಾದನವೇ ಕೇಳದು. ಕೊಳಲಿನೊಂದಿಗೋ ಹಾರ್ನ್‌ನೊಂದಿಗೋ ಒಂದೇ ಸಾಲು ನುಡಿಸಬೇಕಿದ್ದರೆ ಅವರು ನಿಮಗೆ ಶ್ರುತಿ ಹೊಂದಿಸುವುದು ಹೇಗೆ? ನಮ್ಮನ್ನು ಕೇಳಿದರೆ ಪುಟ್ಟ ಆಂಪ್‌ಗೇ ಮತ.

ಇನ್ನೊಂದು ಮಾತು. ಕಂಡಕ್ಟರ್ 'ಮೆಲ್ಲಗೆ' ಎಂದಾಗ ಗಿಟಾರ್‌ನ ವಾಲ್ಯೂಮ್ ತಿರುಗಿಸಬೇಡಿ. ಉದ್ದ ಕೇಬಲ್ ಇದ್ದಾಗ ವಾಲ್ಯೂಮ್ ಇಳಿಸಿದಂತೆಲ್ಲ ತಾರದ ಹೊಳಪೂ ಇಳಿಯುತ್ತದೆ. ಮೀಟು ಹಗುರ ಮಾಡಿ, ಇಲ್ಲವೇ ಬಫರ್ (ಉದ್ದ ಕೇಬಲ್ ಇದ್ದರೂ ಹೊಳಪು ಉಳಿಸುವ ಸರ್ಕಿಟ್) ಇರುವ ಪೆಡಲ್‌ನ ನಂತರ ವಾಲ್ಯೂಮ್ ಪೆಡಲ್ ಹಾಕಿ. ಗಿಟಾರ್‌ನಿಂದ ನೇರವಾಗಿ ಹೋಗುವುದಾದರೆ 250 ಕಿಲೋ ಓಮ್‌ನ ಪೆಡಲ್, ಬಫರ್ ನಂತರವಾದರೆ 25 ಕಿಲೋ ಓಮ್‌ನದು. ಅದಲುಬದಲಾದರೆ ಒಂದರಲ್ಲಿ ನಾದ ಸಾಯುತ್ತದೆ, ಇನ್ನೊಂದರಲ್ಲಿ ಪೆಡಲ್‌ನ ಏರಿಳಿತ ಹತೋಟಿಗೆ ಸಿಗುವುದಿಲ್ಲ.

ಪ್ರ: ಟ್ಯೂನರ್ 'ಸರಿ' ಎಂದು ಹಸಿರು ತೋರಿಸುತ್ತದೆ. ಆದರೂ ತಂತಿವಾದ್ಯಗಳ ಜೊತೆ ಸೇರುತ್ತಿಲ್ಲ. (ಧಾರವಾಡ)

ಉ: ವೃಂದಕ್ಕೆಲ್ಲ ಶ್ರುತಿ ಕೊಡುವ ಗಾಳಿವಾದ್ಯ ಓಬೋ; ಅದು ಕೊಡುವ 'ಎ' ಎಷ್ಟು ಹರ್ಟ್ಜ್ ಎಂದು ಮೊದಲು ಕೇಳಿ. ನಿಮ್ಮ ಟ್ಯೂನರ್ 440 ಎಂದುಕೊಂಡಿರುತ್ತದೆ. ಯುರೋಪಿನ ಹಲವು ವಾದ್ಯವೃಂದಗಳು 442 ಅಥವಾ 443ಕ್ಕೆ ಕೂಡಿಸಿಕೊಳ್ಳುತ್ತವೆ. 442 ಎಂದರೆ ಸುಮಾರು 8 ಸೆಂಟ್ ಮೇಲೆ, ಅಂದರೆ ಅರ್ಧಸ್ವರದ ಹನ್ನೆರಡನೇ ಒಂದು ಭಾಗ. ಒಂದೇ ತಂತಿ ನುಡಿಸುವಾಗ ಗೊತ್ತಾಗದು. ಮೊದಲ ತಂತಿಯ 5ನೇ ಮನೆಯ 'ಎ'ಯನ್ನು ವಯೊಲಿನ್ ಜೊತೆ ಹಿಡಿದು ನಿಲ್ಲಿಸಿ, ಸೆಕೆಂಡಿಗೆ ಎರಡು ಸಲ ಸದ್ದು ಉಬ್ಬಿ ತಗ್ಗುತ್ತದೆ. ಟ್ಯೂನರ್‌ನ ಕ್ಯಾಲಿಬ್ರೇಷನ್ ಬದಲಿಸಿದರೆ ಮುಗಿಯಿತು. ಸ್ಪ್ರಿಂಗ್ ಮೇಲೆ ಅಲುಗುವ ಟ್ರೆಮೊಲೊ ಬ್ರಿಜ್ ಇದ್ದರೆ ಆರೂ ತಂತಿ ಏರಿಸಿದ ಮೇಲೆ ಮತ್ತೆ ಮೊದಲಿನಿಂದ ಎರಡು ಸುತ್ತು ನೋಡಬೇಕು, ಏಕೆಂದರೆ ಒಂದನ್ನು ಬಿಗಿದರೆ ಮಿಕ್ಕವು ಸಡಿಲವಾಗುತ್ತವೆ.

ದೀಪಗಳ ಶಾಖಕ್ಕೆ ಉಕ್ಕಿನ ತಂತಿ ಕೆಳಗಿಳಿಯುತ್ತದೆ, ಗಾಳಿವಾದ್ಯಗಳು ಬಿಸಿಯಾಗಿ ಮೇಲೇರುತ್ತವೆ. ಹಾಗಾಗಿ ಮಧ್ಯಂತರದ ನಂತರ ಮತ್ತೊಮ್ಮೆ ನೋಡಲೇಬೇಕು. ಟ್ಯೂನರ್ ಪೆಡಲ್ ಸದ್ದು ಮುಚ್ಚಿ ಶ್ರುತಿ ತೋರಿಸುವಂಥದ್ದೇ ಇರಲಿ.

ಪ್ರ: ಚಿತ್ರದ ಜೊತೆ ನುಡಿಸುವಾಗ ಕಿವಿಯಲ್ಲಿ ಲಯ ತೋರುವ ಕ್ಲಿಕ್ ಕೇಳುತ್ತದೆ, ಎದುರಿಗೆ ಕಂಡಕ್ಟರ್. ಯಾರನ್ನು ಹಿಂಬಾಲಿಸುವುದು? (ಮೈಸೂರು)

ಉ: ಕ್ಲಿಕ್ ಇರುವ ಕಡೆ ಕ್ಲಿಕ್, ಇಲ್ಲದ ಕಡೆ ಬೇಟನ್ (ಕಂಡಕ್ಟರ್ ಕೈಯ ಕೋಲು). ಎರಡರ ನಡುವಿನ ಗೆರೆ ಮಾತ್ರ ಸ್ವರಲಿಪಿಯಲ್ಲಿ ಸ್ಪಷ್ಟವಾಗಿರಬೇಕು. ಕಂಡಕ್ಟರ್ ಮುಂದಿನ ಪರದೆಯಲ್ಲಿ ಒಂದು ಲಂಬ ಗೆರೆ ಎಡದಿಂದ ಬಲಕ್ಕೆ ಸರಿದು, ಕೊನೆಯಲ್ಲಿ ಬೆಳಕಿನ ಚುಕ್ಕೆ ಮಿಂಚುತ್ತದೆ. ಗೆರೆಗೆ ಸ್ಟ್ರೀಮರ್, ಚುಕ್ಕೆಗೆ ಪಂಚ್ ಎನ್ನುತ್ತಾರೆ. ಅವನ್ನು ನೋಡಿಕೊಂಡು ಕಂಡಕ್ಟರ್ ಲಯ ಎಳೆಯಬಹುದು, ಒತ್ತಬಹುದು. ನಿಮಗೆ ಆ ಪರದೆ ಕಾಣದು. ಆದ್ದರಿಂದ ಕ್ಲಿಕ್ ಎಲ್ಲಿ ಶುರು, ಎಲ್ಲಿ ನಿಲ್ಲುತ್ತದೆ ಎಂಬುದನ್ನು ತಾಲೀಮಿನಲ್ಲೇ ಕೇಳಿ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ.

ಕ್ಲಿಕ್ ಇಲ್ಲದ ಕಡೆ ಗಿಟಾರ್‌ನವರೆಲ್ಲ ಎಡವುವುದು ಒಂದೇ ಜಾಗದಲ್ಲಿ. ಬೇಟನ್ ಕೆಳಗೆ ತಾಗಿದ ಕ್ಷಣಕ್ಕೇ ಮೀಟಿಬಿಡುತ್ತಾರೆ. ದೊಡ್ಡ ವಾದ್ಯವೃಂದ ಸಾಮಾನ್ಯವಾಗಿ ಬೇಟನ್‌ಗಿಂತ ಒಂದು ಎಳೆ ಹಿಂದೆಯೇ ನುಡಿಯುತ್ತದೆ, ಬಿಲ್ಲಿನ ನಾದ ಅರಳಲೂ ಸ್ವಲ್ಪ ಹೊತ್ತು ಬೇಕು. ಪಿಕ್ ತಾಗಿದ ಸದ್ದು ತಟ್ಟನೆ ಬರುವುದರಿಂದ ನೀವು ಮುಂದೆ ಓಡಿದಂತೆ ಕೇಳುತ್ತದೆ. ಮೊದಲ ಸಾಲಿನ ಚೆಲ್ಲೋದವರ ಬಿಲ್ಲನ್ನು ಕಣ್ಣಂಚಿನಲ್ಲಿ ನೋಡಿ, ಅದು ಚಲಿಸಿದಾಗ ಮೀಟಿ. ಕಿವಿಯನ್ನು ಪೂರ್ತಿ ನಂಬುವಂತಿಲ್ಲ: ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, 12 ಮೀಟರ್ ದೂರದ ಟಿಂಪನಿ ನಿಮಗೆ 35 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಅದನ್ನು ಕೇಳಿ ನುಡಿಸಿದರೆ ನೀವು ಅಷ್ಟೇ ಹಿಂದೆ ಬಿದ್ದಿರುತ್ತೀರಿ.

ಕ್ಲಿಕ್‌ಗೆ ಕಿವಿಯೊಳಗೆ ಕೂರುವ ಇಯರ್‌ಫೋನ್ ಬಳಸಿ, ಒಂದೇ ಕಿವಿಗೆ. ತೆರೆದ ಹೆಡ್‌ಫೋನ್‌ನಿಂದ ಹೊರಬಿದ್ದ ಟಿಕ್‌ಟಿಕ್ ಹತ್ತಿರದ ಹಾರ್ಪ್ ಮೈಕ್‌ಗೆ ಸೇರಿ, ದುಃಖದ ದೃಶ್ಯದಲ್ಲಿ ಇಡೀ ಸಭಾಂಗಣಕ್ಕೆ ಕೇಳುತ್ತದೆ.

ಪ್ರ: ಮೆಲ್ಲನೆಯ ಭಾಗಗಳಲ್ಲಿ ಆಂಪ್‌ನಿಂದ 'ಗುಂಯ್' ಎನ್ನುವ ಸದ್ದು ನಿಲ್ಲುವುದೇ ಇಲ್ಲ. (ಮಂಗಳೂರು)

ಉ: ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಇದ್ದರೆ ಕುರ್ಚಿಯಲ್ಲಿ ಕೂತೇ ನಿಧಾನವಾಗಿ ಸುತ್ತ ತಿರುಗಿ ನೋಡಿ. ಒಂದು ದಿಕ್ಕಿನಲ್ಲಿ ಸದ್ದು ಬಹುತೇಕ ಅಡಗುತ್ತದೆ. ಕುರ್ಚಿಯನ್ನು ಆ ಕೋನಕ್ಕೇ ಇಟ್ಟುಕೊಳ್ಳಿ. ಯಾರೂ ಅನುಮಾನಿಸದ ಅಪರಾಧಿ ಮ್ಯೂಸಿಕ್ ಸ್ಟ್ಯಾಂಡ್‌ನ ಪುಟ್ಟ ದೀಪ. ಡಿಮ್ಮರ್ ಇರುವ ಅಗ್ಗದ ಎಲ್‌ಇಡಿ ಮತ್ತು ಅದರ ಅಡಾಪ್ಟರ್ ಪಿಕಪ್‌ನಿಂದ ಒಂದೂವರೆ ಅಡಿ ದೂರದಲ್ಲಿ ಕೂತು ಕೊರೆಯುತ್ತಿರುತ್ತವೆ. ದೀಪ ಆರಿಸಿ ನೋಡಿ. ಸದ್ದು ಹೋದರೆ ಡಿಮ್ಮರ್ ಇಲ್ಲದ, ಬ್ಯಾಟರಿಯ ದೀಪ ತನ್ನಿ.

ಗಿಟಾರ್ ಹಿಡಿದ ದಿಕ್ಕು ಬದಲಿಸಿದರೂ ಸದ್ದು ಒಂದೇ ಸಮ ಇದ್ದರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ಕಡೆಯ ಅರ್ತ್ ಸೇರಿ ಆದ ಕುಣಿಕೆ. ಪೆಡಲ್‌ಗಳು ಒಂದು ಪ್ಲಗ್‌ನಲ್ಲಿ, ಆಂಪ್ ವೇದಿಕೆಯ ಇನ್ನೊಂದು ಬದಿಯ ಪ್ಲಗ್‌ನಲ್ಲಿ ಇರುತ್ತವೆ. ಎಲ್ಲವನ್ನೂ ಒಂದೇ ಬೋರ್ಡ್‌ಗೆ ತನ್ನಿ. ಗಿಟಾರ್ ಸಂಕೇತವನ್ನು ಮಿಕ್ಸರ್‌ಗೆ ಹೊಂದಿಸಿ ಕಳಿಸುವ ಡಿಐ ಪೆಟ್ಟಿಗೆಯಲ್ಲಿ ಗ್ರೌಂಡ್ ಲಿಫ್ಟ್ ಗುಂಡಿ ಇರುತ್ತದೆ, ಅದನ್ನು ಒತ್ತಿ. ನಮ್ಮಲ್ಲಿ ಕೆಲವರು ಪ್ಲಗ್‌ನ ಅರ್ತ್ ಪಿನ್ನನ್ನೇ ಕಿತ್ತು 'ಸರಿಹೋಯ್ತು' ಎನ್ನುತ್ತಾರೆ. ಹಾಗೆ ಮಾಡಲೇಬೇಡಿ, ಆಂಪ್‌ನೊಳಗೆ ಏನಾದರೂ ಕೆಟ್ಟರೆ ಕರೆಂಟ್ ಗಿಟಾರ್ ತಂತಿಯ ಮೂಲಕ ನಿಮ್ಮ ಕೈಗೇ ಬರುತ್ತದೆ. ಗಿಟಾರ್ ತಂತಿ ಮತ್ತು ಮೈಕ್ ಸ್ಟ್ಯಾಂಡ್ ಒಟ್ಟಿಗೆ ಮುಟ್ಟಿದಾಗ ಜುಮ್ಮೆಂದರೆ ನುಡಿಸುವುದನ್ನು ನಿಲ್ಲಿಸಿ, ಸಭಾಂಗಣದ ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ನಾದವನ್ನು ಒರಟಾಗಿಸುವ ಫಜ್ ಪೆಡಲ್‌ನ ಲೆಕ್ಕ ಬೇರೆ. 1968ರ 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್'ಗೆ ಎನ್ನಿಯೊ ಮೊರಿಕೋನೆ ಬರೆದ ಸಂಗೀತದಲ್ಲಿ ಮೌತ್ ಆರ್ಗನ್ ನಂತರ ಒರಟು ಗಿಟಾರ್ ಎರಗುತ್ತದೆ. ಎರಗುವ ಮೊದಲಿನ ಮೌನದಲ್ಲಿ ಫಜ್ 'ಸ್‌ಸ್' ಎನ್ನುತ್ತಿದ್ದರೆ ಗುಟ್ಟು ರಟ್ಟಾದಂತೆ. ಮೆಲ್ಲನೆಯ ಸದ್ದನ್ನು ಮುಚ್ಚಿಬಿಡುವ ನಾಯ್ಸ್ ಗೇಟ್ ಸ್ವರದ ಬಾಲವನ್ನೂ ಕತ್ತರಿಸುತ್ತದೆ. ಅದರ ಬದಲು ಫಜ್ ನಂತರ ವಾಲ್ಯೂಮ್ ಪೆಡಲ್ ಇಟ್ಟು, ಹಿಮ್ಮಡಿ ಒತ್ತಿ ಮುಚ್ಚಿಟ್ಟುಕೊಂಡು, ಮೀಟುವ ಅರ್ಧ ಮಾತ್ರೆ ಮೊದಲು ತೆರೆಯುವುದು ಮೇಲು. ಪೆಡಲ್ ಗುಂಡಿಯ 'ಟಕ್' ಸದ್ದೂ ನಿಶ್ಶಬ್ದದಲ್ಲಿ ಕೇಳುತ್ತದೆ. ಕೆಳಗೆ ರಬ್ಬರ್ ಮ್ಯಾಟ್ ಹಾಕಿ, ಹಿತ್ತಾಳೆ ವಾದ್ಯಗಳು ಮೊಳಗುವಾಗಲೇ ಒತ್ತಿಟ್ಟುಕೊಳ್ಳಿ.

ಪ್ರ: ಕಿವಿಯಿಂದ ಕಲಿತವನು ನಾನು. ಸ್ವರಲಿಪಿ ಓದದೆ ಈ ಕೆಲಸ ಸಾಧ್ಯವೇ? (ಹುಬ್ಬಳ್ಳಿ)

ಉ: ಇಲ್ಲ. ಓದಲು ಕಲಿಯಿರಿ. ಜಿ.ಕೆ. ವೆಂಕಟೇಶ್ ಅವರ ವೃಂದದಲ್ಲಿ ಗಿಟಾರ್ ಹಿಡಿದು ಕೂರುತ್ತಿದ್ದ ಇಳಯರಾಜಾ ಮುಂದೆ ಸಿಂಫನಿಯನ್ನೇ ಬರೆದರು, ಆ ದಾರಿಯಲ್ಲಿ ಬರಹದ ಸಂಗೀತವೂ ಇತ್ತು. ಗಿಟಾರ್‌ಗೆ ಬರೆದದ್ದು ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ ಎಂಬುದನ್ನು ಮೊದಲ ದಿನವೇ ತಲೆಗೆ ಹಾಕಿಕೊಳ್ಳಿ: ಸ್ವರಲಿಪಿಯ ಗೆರೆಗಳ ನಡುವಿನ ಎರಡನೇ ಸಂದಿನ 'ಎ' ಎಂದರೆ ಮೂರನೇ ತಂತಿಯ 2ನೇ ಮನೆ. ಕಾರ್ಡ್ ಹೆಸರಿನ ಕೆಳಗೆ ಬರೀ ಓರೆಗೆರೆಗಳಿದ್ದರೆ ಆರೂ ತಂತಿ ಬಾರಿಸಬೇಡಿ; ಹಾರ್ಪ್, ಪಿಯಾನೊ ಆಗಲೇ ತುಂಬಿರುತ್ತವೆ, ನಡುವಿನ ಮೂರು ತಂತಿ ಸಾಕು. ಪುಟ ತಿರುಗಿಸಲು ಕೈ ಬಿಡುವಿರುವುದಿಲ್ಲ, ಮೂರು ಪುಟಗಳ ಜೆರಾಕ್ಸ್ ಅಂಟಿಸಿ ಅಗಲಕ್ಕೆ ಹರಡಿಡಿ. ನಲವತ್ತು, ಅರವತ್ತು ಬಾರ್‌ಗಳ ವಿರಾಮ ಬಂದಲ್ಲಿ ಬೆರಳೆಣಿಕೆಯನ್ನೊಂದೇ ನಂಬದೆ, 'ಹಾರ್ನ್ ರಾಗ ಎತ್ತಿದ ನಾಲ್ಕು ಬಾರ್‌ಗೆ ನಾನು' ಎಂದು ಅಂಚಿನಲ್ಲಿ ಬರೆದಿಟ್ಟುಕೊಳ್ಳಿ.