ಗುದದ್ವಾರದ ಬಳಿಯ ಗಂಟು ಮೂಲವ್ಯಾಧಿಯೇ ಆಗಿರಬೇಕೆ?

ಗುದದ್ವಾರದ ಅಂಚಿನಲ್ಲಿ ನೋಯುವ ಗಂಟು ಎದ್ದಿದೆ, ಮನೆಯವರು ಮೂಲವ್ಯಾಧಿಯೆಂದು ಮುರುಗಲು (ಪುನರ್ಪುಳಿ) ಪಾನಕ ಕೊಡುತ್ತಿದ್ದಾರೆ ಎಂದು ಶಿರಸಿಯಿಂದ ಕೇಳಿದ್ದೀರಿ. ತಿಣುಕಿ ಮಲವಿಸರ್ಜಿಸಿದ ಬಳಿಕ ಒಮ್ಮೆಲೇ ನೀಲಿಗಪ್ಪು ಬಣ್ಣದ ಗಡುಸು ಗಂಟು ಮೂಡಿದ್ದರೆ, ಹೊರಮೂಲವ್ಯಾಧಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯೇ ಹೆಚ್ಚು. ಇದರ ನೋವು ಮೊದಲ ಎರಡು ಮೂರು ದಿನ ತೀವ್ರವಾಗಿದ್ದು, ಆಮೇಲೆ ತಾನಾಗಿ ಇಳಿಯುತ್ತ ಬರುತ್ತದೆ, ಉಗುರುಬೆಚ್ಚಗಿನ ನೀರಿನಲ್ಲಿ ಕುಳಿತರೆ ಹಿತವೆನಿಸುತ್ತದೆ.

ಆದರೆ ಗಂಟು ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ದಿನದಿಂದ ದಿನಕ್ಕೆ ಊದಿಕೊಂಡು, ರಾತ್ರಿ ನಿದ್ದೆಗೊಡದಂತೆ ಮಿಡಿಯುತ್ತಿದ್ದು ಜ್ವರವೂ ಬಂದಿದ್ದರೆ ಅದು ಕೀವುಗಟ್ಟಿದ ಕುರು ಆಗಿರಬಹುದು. ಇದಕ್ಕೆ ಪಾನಕವಂತೂ ಇರಲಿ, ಬರೀ ಆಂಟಿಬಯಾಟಿಕ್ ಮಾತ್ರೆಯೂ ಸಾಲದು. ಕೊಯ್ದು ಕೀವು ತೆಗೆಯಲೇಬೇಕಾಗುತ್ತದೆ, ಸಕ್ಕರೆ ಕಾಯಿಲೆ ಇರುವವರು ಜಿಲ್ಲಾಕೇಂದ್ರವಾದ ಕಾರವಾರಕ್ಕೆ ಹೋಗುವ ಅನುಕೂಲಕ್ಕಾಗಿ ಕಾಯದೆ ಅಂದೇ ಹತ್ತಿರದ ಶಸ್ತ್ರಚಿಕಿತ್ಸಕರನ್ನು ಕಾಣುವುದು ಲೇಸು. ಕುರು ಒಡೆದ ಮೇಲೂ ವಾರಗಟ್ಟಲೆ ರಸಿಕೆ ಸೋರುತ್ತಿದ್ದರೆ ಭಗಂದರವನ್ನು, ಅಂದರೆ ಗುದನಾಳದಿಂದ ಹೊರಗಿನ ಚರ್ಮದವರೆಗೆ ಉಂಟಾಗುವ ಕೊಳವೆಯಂಥ ಹುಣ್ಣನ್ನು ಶಂಕಿಸಬೇಕು.

ಗುದದ್ವಾರದ ಹಳೆಯ ಬಿರುಕಿನ ಪಕ್ಕದಲ್ಲಿ ಬೆಳೆಯುವ ಚರ್ಮದ ತುಣುಕು, ವೈರಸ್‌ನಿಂದಾಗುವ ನರಹುಲಿ ಸಾಮಾನ್ಯವಾಗಿ ಅಷ್ಟು ನೋಯುವುದಿಲ್ಲ. ಕ್ಯಾನ್ಸರ್ ಅಪರೂಪ, ಆದರೂ ವಾರಗಳು ಕಳೆದರೂ ಕರಗದೆ ಗಟ್ಟಿಯಾಗಿ ಬೆಳೆಯುವ ಅಥವಾ ರಕ್ತ ಒಸರುವ ಗಂಟನ್ನು ನಾಚಿಕೆಪಡದೆ ವೈದ್ಯರಿಗೆ ತೋರಿಸಬೇಕು.