ಸಾಲವೂ ದೈವಭಕ್ತಿಯೂ ಸೇರಿ ಒಂದು ಮನೆಯನ್ನು ಮುಳುಗಿಸುವ ಕ್ರೈಂ ಥ್ರಿಲ್ಲರ್‌ನಲ್ಲಿ ಖಳನಾಯಕ ಯಾರಾಗಬೇಕು?

ಸಾಲದಲ್ಲಿ ಮುಳುಗಿದ, ದೇವರನ್ನು ಬಲವಾಗಿ ನಂಬಿದ ಕುಟುಂಬವೊಂದರ ಮೇಲೆ ಥ್ರಿಲ್ಲರ್ ಬರೆಯುತ್ತಿದ್ದೀರಿ. ಖಳನಾಯಕ ಬಡ್ಡಿ ವ್ಯಾಪಾರಿಯಾಗಬೇಕೋ ಕಪಟ ಗುರುವಾಗಬೇಕೋ ಎಂದು ಕೇಳಿದ್ದೀರಿ. ಇಬ್ಬರೂ ಬೇಡ ಎನ್ನುತ್ತೇನೆ. ಆ ಮನೆಯಲ್ಲಿ ಲೆಕ್ಕ ಬರೆಯುವವರು ಯಾರು, ಅವರ ಕಡೆ ನೋಡಿ.

ಹೀಗೆ ಹೇಳಲು ಕಾರಣ ನನ್ನ ಮನೆಯಲ್ಲೇ ಇದೆ. ಅಪ್ಪನಿಗೆ ಸಾಲವಿತ್ತು ಎಂಬುದು ನಮಗೆ ಗೊತ್ತಾದದ್ದು ಅವರು ತೀರಿಕೊಂಡ ಮೇಲೆ. ಬೀರುವಿನಲ್ಲಿ ಒಂದು ನೋಟ್‌ಬುಕ್ ಸಿಕ್ಕಿತು. ಎಡಪುಟದಲ್ಲಿ ಯಾರಿಗೆ ಎಷ್ಟು, ಯಾವ ತಾರೀಖಿಗೆ ಎಂಬ ಪಟ್ಟಿ. ಬಲಪುಟದಲ್ಲಿ ದೇವರಿಗೆ ಹೊತ್ತ ಹರಕೆಗಳು. ಎರಡರ ಕೆಳಗೂ ಒಂದೇ ಮಾತು: 'ತೀರಿಸಬೇಕು'. ನಮ್ಮ ಭಾಷೆಯಲ್ಲಿ ಸಾಲಕ್ಕೂ ಹರಕೆಗೂ ಇರುವುದು ಅದೊಂದೇ ಮಾತು ಎಂದು ನನಗೆ ಹೊಳೆದದ್ದು ಅವತ್ತು. ಹೊತ್ತ ಹರಕೆಗಳೆಲ್ಲ ಸಾಲ ತೀರಲಿ ಎಂದೇ ಇದ್ದವು. ಅಂದರೆ ಒಂದನ್ನು ತೀರಿಸಲು ಇನ್ನೊಂದನ್ನು ಮೈಮೇಲೆ ಎಳೆದುಕೊಂಡಿದ್ದರು. ನಮ್ಮ ಮನೆಯಲ್ಲಿ ಅಪರಾಧವೇನೂ ನಡೆಯಲಿಲ್ಲ. ಆದರೆ ಆ ಪುಟಗಳನ್ನು ತಿರುವುವಾಗ, ಅಪ್ಪ ಯಾರಿಗೂ ಹೇಳದೆ ಇನ್ನೂ ಎಷ್ಟು ದೂರ ಹೋಗಬಹುದಿತ್ತು ಎಂದು ಎದೆ ನಡುಗಿತ್ತು. ನಿಮ್ಮ ಓದುಗರಲ್ಲಿ ಹುಟ್ಟಬೇಕಾದ ಭಯ ಅದು.

ಲೆಕ್ಕವನ್ನು ನಿಜವಾಗಿಯೂ ಮಾಡಿ ನೋಡಿ, ಅಂದಾಜಿನಲ್ಲಿ ಬರೆಯಬೇಡಿ. ತಿಂಗಳಿಗೆ ನೂರಕ್ಕೆ 5ರಂತೆ ಬಡ್ಡಿ ಎಂದಿಟ್ಟುಕೊಳ್ಳಿ. ತಪ್ಪದೆ ಬಡ್ಡಿ ಕಟ್ಟುತ್ತ ಬಂದವನು 20 ತಿಂಗಳಲ್ಲಿ ಅಸಲಿನಷ್ಟೇ ಹಣ ಕೊಟ್ಟಿರುತ್ತಾನೆ, ಅಸಲು ಮಾತ್ರ ಹಾಗೇ ಕೂತಿರುತ್ತದೆ. ಕಟ್ಟದೆ ಬಿಟ್ಟು ಬಡ್ಡಿಗೆ ಬಡ್ಡಿ ಸೇರಿದರೆ 15 ತಿಂಗಳಿಗೆ ಎರಡು ಪಟ್ಟು, 3 ವರ್ಷಕ್ಕೆ ಸುಮಾರು ಐದೂಮುಕ್ಕಾಲು ಪಟ್ಟು. ಈ ಅಂಕಿಗಳು ಪಾತ್ರಕ್ಕೆ ಗೊತ್ತಿರಬೇಕು. ಗೊತ್ತಿದ್ದೂ ಅವನು ಇನ್ನೊಂದು ಕೈಸಾಲ ಮಾಡುತ್ತಾನೆ, ಏಕೆಂದರೆ ಬೆಳಿಗ್ಗೆ ಪ್ರಾರ್ಥನೆ ಮಾಡುವಾಗ ಮನಸ್ಸಿಗೆ ಸಮಾಧಾನವಾಗಿರುತ್ತದೆ. ಸಾಲಕ್ಕೆ ಗಡುವುಂಟು, ದೇವರು ಕೈಹಿಡಿಯುವುದಕ್ಕೆ ಗಡುವಿಲ್ಲ. ಈ ಎರಡರ ನಡುವಿನ ದಿನಗಳೇ ನಿಮ್ಮ ಕಥೆ.

ಇಂಥ ನಿಜ ಪ್ರಕರಣವೊಂದಿದೆ, ಬರೆಯಲು ಕೂರುವ ಮೊದಲು ಅದನ್ನು ತಿಳಿದುಕೊಳ್ಳಿ. ಅಮೆರಿಕದ ನ್ಯೂಜೆರ್ಸಿ ರಾಜ್ಯದ ವೆಸ್ಟ್‌ಫೀಲ್ಡ್‌ನಲ್ಲಿ 1971ರ ನವೆಂಬರ್ 9ರಂದು ಜಾನ್ ಲಿಸ್ಟ್ ಎಂಬಾತ ಹೆಂಡತಿ, ತಾಯಿ ಮತ್ತು ಮೂವರು ಮಕ್ಕಳನ್ನು ಗುಂಡಿಟ್ಟು ಕೊಂದ. ವೃತ್ತಿಯಲ್ಲಿ ಅಕೌಂಟೆಂಟ್. ಲೂಥರನ್ ಚರ್ಚಿನ ಕಟ್ಟಾ ಭಕ್ತ, ಭಾನುವಾರ ಮಕ್ಕಳಿಗೆ ಧರ್ಮಪಾಠ ಹೇಳುತ್ತಿದ್ದವನು. ಕೆಲಸ ಕಳೆದುಕೊಂಡಿದ್ದ, ಮನೆಯಲ್ಲಿ ಹೇಳಿರಲಿಲ್ಲ. ಕೆಲಸಕ್ಕೆ ಹೋಗುವವನಂತೆ ಬೆಳಿಗ್ಗೆ ಹೊರಟು ರೈಲು ನಿಲ್ದಾಣದಲ್ಲಿ ಕೂತು ಪತ್ರಿಕೆ ಓದುತ್ತಿದ್ದ. ಖರ್ಚಿಗೆ ತಾಯಿಯ ಬ್ಯಾಂಕ್ ಖಾತೆಯಿಂದ ಹಣ ತೆಗೆಯುತ್ತಿದ್ದ.

ಕೊಂದ ಮೇಲೂ ಅವನು ಅಕೌಂಟೆಂಟೇ. ಹಾಲು, ಪತ್ರಿಕೆ, ಟಪಾಲು ಬರದಂತೆ ಮಾಡಿದ. ಮಕ್ಕಳು ಕೆಲವು ದಿನ ಊರಲ್ಲಿರುವುದಿಲ್ಲ ಎಂದು ಶಾಲೆಗೆ ಬರೆದ. ಮನೆಯ ದೀಪಗಳನ್ನು ಉರಿಯಲು ಬಿಟ್ಟು ಹೊರಟ. ಶವಗಳು ಸಿಕ್ಕಿದ್ದು ಸುಮಾರು ಒಂದು ತಿಂಗಳ ನಂತರ. ಅವರ ಆತ್ಮಗಳನ್ನು ಉಳಿಸಲೆಂದೇ ಹೀಗೆ ಮಾಡಿದೆ ಎಂಬರ್ಥದ ಪತ್ರವನ್ನು ತನ್ನ ಪಾದ್ರಿಗೆ ಬರೆದಿಟ್ಟಿದ್ದ. ಆತ್ಮಹತ್ಯೆ ಮಾಡಿಕೊಂಡರೆ ತನಗೆ ಸ್ವರ್ಗ ಸಿಗುವುದಿಲ್ಲ ಎಂಬ ಕಾರಣಕ್ಕೆ ಆ ದಾರಿ ಹಿಡಿಯಲಿಲ್ಲ ಎಂದು ಮುಂದೆ ಸಂದರ್ಶನದಲ್ಲಿ ಹೇಳಿದ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಹೋಗಿದ್ದೆ. ಪಾಪ ಪುಣ್ಯವನ್ನೂ ಜಮಾ ಖರ್ಚಿನ ಪುಸ್ತಕದಂತೆ ಬರೆದು, ತಾಳೆ ಹೊಂದಿತು ಎಂದು ಅಡಿಗೆರೆ ಎಳೆದ ಮನುಷ್ಯ. ಸುಮಾರು 18 ವರ್ಷ ಬೇರೆ ಹೆಸರಿನಲ್ಲಿ ಬದುಕಿದ, ಮತ್ತೆ ಮದುವೆಯಾದ, ಮತ್ತೆ ಚರ್ಚಿಗೆ ಹೋದ. ವಯಸ್ಸಾದ ಮೇಲೆ ಹೇಗೆ ಕಾಣಬಹುದೆಂದು ಊಹಿಸಿ ಮಾಡಿದ ಮುಖದ ಶಿಲ್ಪವನ್ನು ಟಿವಿಯಲ್ಲಿ ತೋರಿಸಿದ ಮೇಲೆ 1989ರ ಜೂನ್‌ನಲ್ಲಿ ಸಿಕ್ಕಿಬಿದ್ದ. 2008ರಲ್ಲಿ ಜೈಲುವಾಸದಲ್ಲೇ ಸತ್ತ.

ಇಲ್ಲಿ ಅವನಿಗೆ ಕಿರುಕುಳ ಕೊಟ್ಟ ಬಡ್ಡಿ ವ್ಯಾಪಾರಿಯಾಗಲಿ, ಕಿವಿ ಊದಿದ ಗುರುವಾಗಲಿ ಇಲ್ಲ. ಅವನ ಭಕ್ತಿ ನಾಟಕವೂ ಅಲ್ಲ. ಹಾಗಾಗಿ ನಿಮ್ಮ ಪಾತ್ರದ ನಂಬಿಕೆಯನ್ನು ದಯವಿಟ್ಟು ಸೋಗಲಾಡಿತನ ಮಾಡಬೇಡಿ. ಕಪಟಿಯನ್ನು ಓದುಗರು ಎರಡನೇ ಅಧ್ಯಾಯದಲ್ಲೇ ಗುರುತಿಸಿ ಬಿಡುತ್ತಾರೆ. ನಿಜವಾಗಿ ನಂಬಿದವನ ಜೊತೆ ಕೊನೆಯವರೆಗೂ ನಡೆಯುತ್ತಾರೆ, ನಡೆದದ್ದಕ್ಕೆ ಆಮೇಲೆ ನಾಚುತ್ತಾರೆ. ಅದೇ ಮನೆಯಲ್ಲಿ ಅದೇ ದೇವರನ್ನು ನಂಬಿ, ಸಾಲದ ವಿಷಯ ಬಾಯಿಬಿಟ್ಟು ಹೇಳು ಎಂದು ಬೇಡುವ ಒಬ್ಬರೂ ಇರಲಿ. ಇಲ್ಲದಿದ್ದರೆ ನಂಬಿಕೆಯೇ ಕೊಂದಿತು ಎಂದಾಗಿಬಿಡುತ್ತದೆ, ಅದು ಸುಳ್ಳು. ಅಪ್ಪನ ಆ ಬಲಪುಟ ಇಲ್ಲದಿದ್ದರೆ ಅವರು ಅಷ್ಟು ವರ್ಷ ಬದುಕುತ್ತಿದ್ದರೋ ಇಲ್ಲವೋ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ತನಿಖೆಯ ಭಾಗಕ್ಕೆ ರಕ್ತದ ಕಲೆಗಳಿಗಿಂತ ಕಾಗದಗಳನ್ನು ನೆಚ್ಚಿಕೊಳ್ಳಿ. ಅಡವಿಟ್ಟ ಒಡವೆಯ ರಸೀದಿ, ಒಡೆಯದ ನೋಟಿಸ್ ಲಕೋಟೆಗಳು, ಒಂದೇ ದಿನ ಒಬ್ಬರಿಂದ ತಂದು ಇನ್ನೊಬ್ಬರಿಗೆ ಕೊಟ್ಟ ಹಣ. ಮುಖ್ಯವಾಗಿ ಜಾಮೀನು ಸಹಿ. ಸತ್ತವನ ಸಾಲ ಸಾಮಾನ್ಯವಾಗಿ ಅವನು ಬಿಟ್ಟುಹೋದ ಆಸ್ತಿಯಿಂದ ವಸೂಲಾಗುತ್ತದೆ, ಆದರೆ ಜಾಮೀನು ನಿಂತವರನ್ನು ಅದು ನೇರವಾಗಿ ಹಿಡಿಯುತ್ತದೆ. ಬದುಕುಳಿದ ಹೆಂಡತಿಯ ಮುಂದೆ ಅಧಿಕಾರಿ ಒಂದು ಕಾಗದ ಇಟ್ಟು, ಇದು ನಿಮ್ಮದೇ ಸಹಿಯಾ ಎಂದು ಕೇಳುವ ದೃಶ್ಯ ಇದ್ದರೆ ಬೇರೆ ತಿರುವೇ ಬೇಡ.

ಅವಳು ಆ ಸಹಿ ಹಾಕಿದ ದಿನ ಏನು ಮಾಡುತ್ತಿದ್ದಳು ಎಂಬುದನ್ನೂ ಬರೆಯಿರಿ. ನನ್ನ ಅಮ್ಮನ ಸಹಿ ಮೂರು ಕಾಗದಗಳ ಮೇಲಿತ್ತು. ಒಂದನ್ನು ಹಾಕಿದ್ದು ಮಾತ್ರ ನೆನಪಿದೆ ಎನ್ನುತ್ತಾರೆ: ಒಲೆಯ ಮೇಲೆ ಹಾಲಿತ್ತಂತೆ, ಉಕ್ಕಿಬಿಡುತ್ತದೆ ಎಂದು ಓದದೆ ಬರೆದು ಓಡಿದರಂತೆ.