ಇಳಿದು ತಳ್ಳುವ ಜಾಗಗಳು

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಎಲ್ಲರೂ ಸೈಕಲ್ ಹತ್ತಿ ಅಂತ ಬರೆದಿದ್ದೀರಿ. ಯಾವ ರಸ್ತೆಯಲ್ಲಿ ಹತ್ತಬೇಕು ಸರ್? ಎಂಟನೇ ಕ್ಲಾಸಿನ ಮಗಳು ದಿನಾ ಸೈಕಲ್ ಕೇಳುತ್ತಾಳೆ. ಶಾಲೆ ಮೂರು ಕಿಲೋಮೀಟರ್. ನಾನೂ ಹುಡುಗಿಯಾಗಿದ್ದಾಗ ಓಡಿಸಿದವಳೇ, ಮದುವೆಯಾದ ಮೇಲೆ ಬಿಟ್ಟುಹೋಯಿತು. ಈಗ ಟಿಪ್ಪರ್ ನೋಡಿದರೆ ಕೈಕಾಲು ನಡುಗುತ್ತವೆ. ಅವಳನ್ನು ಹೇಗೆ ಕಳಿಸಲಿ? ಹೆಸರು ಹಾಕಬೇಡಿ." – ಓದುಗರೊಬ್ಬರು, ಕೌಲ್ ಬಜಾರ್, ಬಳ್ಳಾರಿ

ಅಕ್ಕಾ, ನಮಸ್ಕಾರ.

ನೀವು ಕೇಳಿದ್ದು ಸರಿಯಾಗಿದೆ. ಸೈಕಲ್ ಹತ್ತಿ ಎಂದು ಎರಡು ಪುಟ ಬರೆದೆ, ರಸ್ತೆಯ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಅದು ತಪ್ಪು. ಈ ಉತ್ತರದಲ್ಲಿ ರಸ್ತೆಯ ಮಾತೇ ಆಡುತ್ತೇನೆ.

ಮೊದಲು ನಿಮ್ಮ ಹೆದರಿಕೆಯ ವಿಷಯ. ನಾನೂ ವಾರದಲ್ಲಿ ಮೂರು ದಿನ ಸೈಕಲ್ ಮೇಲೆ ಕಚೇರಿಗೆ ಬರುತ್ತೇನೆ. ಗಡಗಿ ಚನ್ನಪ್ಪ ಸರ್ಕಲ್ ಬಂತೆಂದರೆ ಇಳಿದು ತಳ್ಳಿಕೊಂಡು ಹೋಗುತ್ತೇನೆ. ಇಪ್ಪತ್ತು ವರ್ಷದಿಂದ ರೂಢಿ ಇರುವವನೇ ಇಳಿಯುತ್ತೇನೆ ಅಂದರೆ ನಿಮ್ಮ ಮಗಳು ಏನು ಮಾಡಬೇಕು ಹೇಳಿ. ನೀವು ರಸ್ತೆಯನ್ನು ಸರಿಯಾಗಿಯೇ ನೋಡಿದ್ದೀರಿ.

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಸೈಕಲ್ ವಿಚಾರ ನೋಡಿಕೊಳ್ಳುತ್ತಿದ್ದ ರೋಜರ್ ಗೆಲ್ಲರ್ ಎಂಬ ಅಧಿಕಾರಿ 2006ರಲ್ಲಿ ಒಂದು ಅಂದಾಜು ಹಾಕಿದರು. ಎಂಥ ರಸ್ತೆಯಲ್ಲೂ ನುಗ್ಗಿ ಹೋಗುವವರು ನೂರಕ್ಕೆ ಒಬ್ಬರೂ ಇಲ್ಲ. ಸ್ವಲ್ಪ ಅನುಕೂಲ ಇದ್ದರೆ ಸಾಕು ಅನ್ನುವವರು 7. ಏನೇ ಮಾಡಿದರೂ ನನಗೆ ಬೇಡ ಅನ್ನುವವರು 33. ಉಳಿದ 60 ಜನ ನಿಮ್ಮ ಹಾಗೆ, ಆಸೆ ಇದೆ, ಭಯವೂ ಇದೆ. ಅದು ಅವರೂರಿನ ಲೆಕ್ಕ, ಆದರೆ ನಿಮ್ಮ ಓಣಿಯಲ್ಲೇ ನಾಲ್ಕು ಮನೆ ಕೇಳಿ ನೋಡಿ, ಇಂಥ ಮಾತೇ ಕಿವಿಗೆ ಬೀಳುತ್ತದೆ. ಸೈಕಲ್ ದಾರಿ ಮಾಡುವವರು ಆ 60 ಜನರನ್ನು ಎದುರಿಗೆ ಇಟ್ಟುಕೊಂಡು ಮಾಡಬೇಕು. ಧೈರ್ಯದ ಹುಡುಗರು ಹೇಗೂ ಹೋಗುತ್ತಾರೆ.

ಹಾಗಾದರೆ ಎಂಥ ದಾರಿ ಬೇಕು? ರಸ್ತೆ ಅಂಚಿಗೆ ಬಿಳಿ ಗೆರೆ ಎಳೆದು ಸೈಕಲ್ ಚಿತ್ರ ಬರೆದರೆ ಆಗುವುದಿಲ್ಲ. ಎಂಟು ದಿನದಲ್ಲಿ ಅದರ ಮೇಲೆ ಬೈಕ್ ನಿಲ್ಲುತ್ತವೆ, ಮಿರ್ಚಿ ಬಂಡಿ ಬರುತ್ತದೆ, ಆಟೋದವರು ಅಲ್ಲೇ ಜನರನ್ನು ಇಳಿಸುತ್ತಾರೆ. ಸೈಕಲಿನವರು ಮತ್ತೆ ಲಾರಿ ಬದಿಗೇ ಬರಬೇಕಾಗುತ್ತದೆ. ದೊಡ್ಡ ರಸ್ತೆಯಲ್ಲಿ ಗಾಡಿಗಳಿಗೂ ಸೈಕಲ್ ದಾರಿಗೂ ನಡುವೆ ಕಲ್ಲಿನ ಕಟ್ಟೆ ಇರಲೇಬೇಕು, ಟಯರ್ ಹತ್ತದಷ್ಟು ಎತ್ತರದ್ದು. ಸೈಕಲ್ ದಾರಿಯ ಅಗಲ 2 ಮೀಟರಾದರೂ ಇರಲಿ, ನೀವು ಮತ್ತು ಮಗಳು ಅಕ್ಕಪಕ್ಕ ಮಾತಾಡಿಕೊಂಡು ಹೋಗುವಷ್ಟು. ಇನ್ನೊಂದು ಸಣ್ಣ ವಿಷಯ, ಆದರೆ ಇದರಿಂದ ಹಲ್ಲು ಮುರಿದುಕೊಂಡವರಿದ್ದಾರೆ: ಚರಂಡಿ ಜಾಲರಿಯ ಸರಳು ರಸ್ತೆಯ ಉದ್ದಕ್ಕೆ ಇದ್ದರೆ ಮುಂದಿನ ಗಾಲಿ ಅದರೊಳಗೆ ಸಿಕ್ಕಿಬೀಳುತ್ತದೆ. ಸರಳು ಅಡ್ಡಕ್ಕೆ ಇರಬೇಕು, ಅಷ್ಟೇ.

ಒಳ ಓಣಿಗಳಿಗೆ ಇದೆಲ್ಲ ಬೇಡ. ಅಲ್ಲಿ ವೇಗ ಇಳಿಸಿದರೆ ಸಾಕು. 50ರಲ್ಲಿ ಬರುವ ಗಾಡಿಯ ಹೊಡೆತದ ಶಕ್ತಿ ಅದೇ ಗಾಡಿ 30ರಲ್ಲಿ ಬಂದಾಗ ಇರುವುದಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು. ಬ್ರೇಕ್ ಹಿಡಿದರೆ ನಿಲ್ಲುವುದೂ ತಡ.

ಎಲ್ಲಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದದ್ದು ಸರ್ಕಲ್‌ಗಳ ಬಗ್ಗೆ. ಎರಡು ಕಿಲೋಮೀಟರ್ ಚಂದದ ಸೈಕಲ್ ದಾರಿ ಮಾಡಿ, ಸರ್ಕಲ್ ಬಂದ ಕೂಡಲೇ ಅದನ್ನು ಅಲ್ಲಿಗೇ ಮುಗಿಸಿಬಿಡುತ್ತಾರೆ. ಯಾಕೆಂದರೆ ಕಷ್ಟ ಇರುವುದು ಅಲ್ಲೇ. ನಮ್ಮಲ್ಲಿ ಗಾಡಿಗಳೆಲ್ಲ ಎಡಗಡೆ ಹೋಗುತ್ತವೆ, ಸೈಕಲ್ ಅದಕ್ಕೂ ಎಡಕ್ಕೆ. ಲಾರಿ ಎಡಕ್ಕೆ ಹೊರಳಿದಾಗ ಪಕ್ಕದಲ್ಲೇ ಇರುವ ಸೈಕಲ್ ಡ್ರೈವರನಿಗೆ ಕಾಣುವುದೇ ಇಲ್ಲ. ಅವನು ಎಷ್ಟೇ ಒಳ್ಳೆಯವನಿರಲಿ, ಕೂತ ಜಾಗದಿಂದ ಕನ್ನಡಿಯಲ್ಲೂ ಆ ಮೂಲೆ ಸಿಗುವುದಿಲ್ಲ. ಇದಕ್ಕೆ ಪರಿಹಾರ ಇಲ್ಲದೆ ಇಲ್ಲ. ಮೂಲೆಯ ತಿರುವನ್ನು ಬಿಗಿ ಮಾಡಬೇಕು, ಆಗ ಲಾರಿ ನಿಧಾನಕ್ಕೆ ಹೊರಳಲೇಬೇಕಾಗುತ್ತದೆ. ಸೈಕಲ್ ದಾಟುವ ಜಾಗವನ್ನು ಮೂಲೆಯಿಂದ ಒಂದು ಕಾರಿನಷ್ಟು ಒಳಗೆ ಇಡಬೇಕು, ಆಗ ಲಾರಿ ತಿರುಗಿ ಮುಗಿಸಿರುತ್ತದೆ, ಸೈಕಲ್ ಅದರ ಮುಂದಿನ ಗಾಜಿಗೇ ನೇರ ಕಾಣುತ್ತದೆ. ಸಿಗ್ನಲ್ ಇದ್ದ ಕಡೆ ಸೈಕಲ್ ನಿಲ್ಲುವ ಗೆರೆ ಲಾರಿಗಿಂತ ಮುಂದೆ ಇರಬೇಕು. ಪಕ್ಕದ ಓಣಿಗಳು ಬಂದು ಸೇರುವಲ್ಲಿ ಸೈಕಲ್ ದಾರಿ ಕೆಳಗೆ ಇಳಿಯಬಾರದು. ಅದೇ ಎತ್ತರದಲ್ಲಿ ಮುಂದುವರಿಯಲಿ, ಗಾಡಿಯೇ ಹಂಪ್ಸ್ ಹತ್ತಿ ಇಳಿದ ಹಾಗೆ ದಾಟಲಿ.

ಬಳ್ಳಾರಿ ಬಿಸಿಲಿಗೆ ಯಾರು ಸೈಕಲ್ ತುಳಿಯುತ್ತಾರೆ ಎಂದು ಕೆಲವರು ಕೇಳುತ್ತಾರೆ. ಸ್ಪೇನ್ ದೇಶದ ಸೆವಿಲ್ ನಗರದಲ್ಲೂ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅದೂ ಸಪಾಟು ಊರು. 2006ರ ಹೊತ್ತಿಗೆ ಅಲ್ಲಿ ನೂರು ಓಡಾಟದಲ್ಲಿ ಒಂದೂ ಸೈಕಲ್ ಮೇಲೆ ಆಗುತ್ತಿರಲಿಲ್ಲ. ಅವರು ಇಲ್ಲಿ ಅರ್ಧ ಕಿಲೋಮೀಟರ್, ಅಲ್ಲಿ ಅರ್ಧ ಕಿಲೋಮೀಟರ್ ಅಂತ ಮಾಡದೆ, ಸುಮಾರು 80 ಕಿಲೋಮೀಟರ್ ಪ್ರತ್ಯೇಕ ದಾರಿಯನ್ನು ಒಂದಕ್ಕೊಂದು ಕೂಡಿಸಿ ಒಂದೇ ಏಟಿಗೆ ಮಾಡಿದರು. ಹೆಚ್ಚಿನ ಜಾಗ ಕಾರು ನಿಲ್ಲಿಸುವ ಕಡೆಯಿಂದ ಬಂತು. ಕೆಲವೇ ವರ್ಷದಲ್ಲಿ ಆ ಲೆಕ್ಕ ನೂರಕ್ಕೆ ಆರೇಳಕ್ಕೆ ಏರಿತು. ನಮ್ಮಲ್ಲಿ ಇದರ ಜೊತೆಗೆ ಎರಡೂ ಬದಿ ಬೇವು, ಹೊಂಗೆ ಬೇಕೇಬೇಕು. ರಸ್ತೆ ಅಗಲ ಮಾಡುವಾಗ ಮೊದಲು ಕಡಿಯುವುದು ಮರಗಳನ್ನೇ, ಅದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ದೇಶದ ವಿಷಯ ನೀವು ತಾಯಿ ಆದ್ದರಿಂದ ಹೇಳುತ್ತೇನೆ. ನೆದರ್ಲೆಂಡ್ಸ್‌ನಲ್ಲಿ 1971ರಲ್ಲಿ ಸುಮಾರು 3,300 ಜನ ರಸ್ತೆ ಅಪಘಾತದಲ್ಲಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ಬೀದಿಗೆ ಬಂದು ಕೂತರು, ಮಕ್ಕಳನ್ನು ಕೊಲ್ಲುವುದನ್ನು ನಿಲ್ಲಿಸಿ ಎಂದು ಕೇಳಿದರು. ಈಗ ಅಲ್ಲಿರುವ ಸೈಕಲ್ ದಾರಿಗಳ ಹಿಂದೆ ಆ ಕೂಗೂ ಇದೆ. ನಮ್ಮ ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಒಳ್ಳೆಯ ಕೆಲಸ. ಆದರೆ ಆ ಸೈಕಲ್ ಹೋಗುವ ದಾರಿ ಹೇಗಿದೆ ಎಂದು ಯಾರೂ ಹಿಂದೆಯೇ ಹೋಗಿ ನೋಡಲಿಲ್ಲ.

ಅದನ್ನು ನೀವೇ ನೋಡಿಬಿಡಿ ಅಕ್ಕಾ. ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಮಗಳ ಜೊತೆ ಮನೆಯಿಂದ ಶಾಲೆಯವರೆಗೆ ಹೋಗಿ ಬನ್ನಿ. ಆದಷ್ಟು ಒಳ ಓಣಿ ಹಿಡಿಯಿರಿ, ಸ್ವಲ್ಪ ಸುತ್ತಾದರೂ ಪರವಾಗಿಲ್ಲ. ಚರಂಡಿ ಅಂಚಿಗೆ ಅಂಟಿಕೊಂಡು ಹೋಗಬೇಡಿ, ಒಂದು ಮಾರು ಬಿಟ್ಟು ಹೋಗಿ. ನಿಂತ ಲಾರಿಯ ಎಡಕ್ಕೆ ಎಂದೂ ನುಸುಳಬೇಡಿ, ಹಿಂದೆಯೇ ನಿಲ್ಲಿ. ಭಯ ಆದ ಕಡೆ ಇಳಿದು ತಳ್ಳಿ, ನಾಚಿಕೆ ಏನೂ ಬೇಡ.

ಆಮೇಲೆ ಮನೆಗೆ ಬಂದು, ಎಲ್ಲೆಲ್ಲಿ ಇಳಿದಿರಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಬಹುಶಃ ಐದಾರು ಜಾಗ ಇರಬಹುದು. ಮೂರು ಕಿಲೋಮೀಟರ್ ದಾರಿಯಲ್ಲಿ ಮೊದಲು ಸರಿ ಮಾಡಬೇಕಾದದ್ದು ಆ ಐದಾರು ಜಾಗ ಮಾತ್ರ, ಅದಕ್ಕೆ ದೊಡ್ಡ ಯೋಜನೆ ಬರುವವರೆಗೆ ಕಾಯಬೇಕಿಲ್ಲ. ಆ ಹಾಳೆ ನನಗೆ ಕಳಿಸಿ. ಬೇರೆ ಓದುಗರೂ ಕಳಿಸಲಿ. ಬಂದಿದ್ದನ್ನೆಲ್ಲ ಓಣಿಯ ಹೆಸರು ಸಮೇತ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ, ಒಂದು ಪ್ರತಿ ಮಹಾನಗರ ಪಾಲಿಕೆಗೆ ನಾನೇ ಹೋಗಿ ಕೊಟ್ಟು ಬರುತ್ತೇನೆ.

ಮನೆಯಲ್ಲಿ ನಿಮ್ಮ ಹಳೆಯ ಸೈಕಲ್ ಇದ್ದರೆ ಹಾಗೇ ಗಾಳಿ ಹೊಡೆಸಿ ಹತ್ತಬೇಡಿ. ಇಷ್ಟು ವರ್ಷ ನಿಂತ ಟಯರ್ ಬಿರುಕು ಬಿಟ್ಟಿರುತ್ತದೆ, ಬ್ರೇಕ್ ರಬ್ಬರ್ ಕಲ್ಲಾಗಿರುತ್ತದೆ. ಎರಡನ್ನೂ ಶನಿವಾರವೇ ಬದಲಾಯಿಸಿಕೊಳ್ಳಿ.

– ಸಂಪಾದಕ